ಹುಚ್ಚಿಗೂ ಮಹಿಮೆಗೂ ನಡುವಿನ ಒಂದು ಪದ

ದೆಹಲಿಯ ಉತ್ತರದ ಅಂಚಿನಲ್ಲಿ ಬುರಾರಿ ಇದೆ. ಅಲ್ಲಿನ ಸಂತ ನಗರದಲ್ಲಿ 2018ರ ಜುಲೈ 1ರ ಬೆಳಿಗ್ಗೆ ಒಂದು ಕಿರಾಣಿ ಅಂಗಡಿ ಬಾಗಿಲು ತೆರೆಯಲಿಲ್ಲ. ದಿನವೂ ನಸುಕಿಗೇ ತೆರೆಯುತ್ತಿದ್ದ ಅಂಗಡಿ ಅದು. ಏನಾಯಿತೆಂದು ನೋಡಲು ಮೇಲೆ ಹೋದ ನೆರೆಯವರಿಗೆ ಕಂಡದ್ದು ಒಂದೇ ಮನೆಯ 11 ಶವಗಳು. 77 ವರ್ಷದ ಅಜ್ಜಿ, ಆಕೆಯ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಬ್ಬ ಮಗಳು, ಐವರು ಮೊಮ್ಮಕ್ಕಳು. ಮೊಮ್ಮಕ್ಕಳಲ್ಲಿ ಇಬ್ಬರು 15 ವರ್ಷದ ಹುಡುಗರು. ಇನ್ನೊಬ್ಬಳು 33 ವರ್ಷದ ಯುವತಿ. ಎರಡು ವಾರದ ಹಿಂದಷ್ಟೇ ಅವಳ ನಿಶ್ಚಿತಾರ್ಥ ನಡೆದಿತ್ತು.

ಈ ಸಾವುಗಳ ಬಗ್ಗೆ ಲೀನಾ ಯಾದವ್ ನಿರ್ದೇಶಿಸಿದ ಮೂರು ಕಂತುಗಳ ಸಾಕ್ಷ್ಯಚಿತ್ರ ‘ಹೌಸ್ ಆಫ್ ಸೀಕ್ರೆಟ್ಸ್: ದಿ ಬುರಾರಿ ಡೆತ್ಸ್’ 2021ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದೇ ಘಟನೆಯಿಂದ ಪ್ರೇರಣೆ ಪಡೆದ ‘ಆಖ್ರಿ ಸಚ್’ ಎಂಬ ಕಾಲ್ಪನಿಕ ಧಾರಾವಾಹಿ 2023ರಲ್ಲಿ ಬಂತು. ನಾವು ಇಲ್ಲಿ ಮಾತಾಡಲು ಹೊರಟಿರುವುದು ಮೊದಲನೆಯದರ ಬಗ್ಗೆ. ಬುರಾರಿಯ ವಿಷಯದಲ್ಲಿ ಗಂಭೀರವಾಗಿ ಯೋಚಿಸಲು ಪ್ರಯತ್ನಿಸಿದ ಕೃತಿ ಅದು. ಆದ್ದರಿಂದಲೇ ಅದು ಎಲ್ಲಿ ಎಡವಿದೆ ಎಂಬುದನ್ನು ನೋಡುವುದೂ ಅಗತ್ಯ. ಸಾಮಾನ್ಯ ಸುದ್ದಿ ವಾಹಿನಿಗಳ ಜೊತೆ ಜಗಳವಾಡಿ ಪ್ರಯೋಜನವಿಲ್ಲ.

ಒಂದು ಮಾತನ್ನು ಮೊದಲೇ ಹೇಳಬೇಕು. ಆ ಹನ್ನೊಂದು ಮಂದಿ ಹೇಗೆ ಸತ್ತರು ಎಂಬ ವಿವರವನ್ನು ನಾವು ಇಲ್ಲಿ ಬರೆಯುವುದಿಲ್ಲ. ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಚಿತ್ರಗಳನ್ನು ಕಂಡವರಿಗೆ ಅದು ಗೊತ್ತು. ಕಾಣದವರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ. ಆತ್ಮಹತ್ಯೆಯ ವಿಧಾನವನ್ನು ವರ್ಣಿಸಬಾರದು, ಸುದ್ದಿಯನ್ನು ರೋಚಕಗೊಳಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದೆಯೇ ಹೇಳಿದೆ. ನಮ್ಮ ಭಾರತೀಯ ಪತ್ರಿಕಾ ಮಂಡಳಿ ಅದನ್ನು ಮಾರ್ಗಸೂಚಿಯಾಗಿ ಒಪ್ಪಿಕೊಂಡದ್ದು 2019ರಲ್ಲಿ, ಅಂದರೆ ಬುರಾರಿಯ ಮನೆಯ ಮುಂದೆ ಕ್ಯಾಮರಾಗಳು ಸಾಲುಗಟ್ಟಿ ನಿಂತ ಒಂದು ವರ್ಷದ ನಂತರ. ಕತೆ ಬರೆಯುವವರಿಗೆ ವಿವರಗಳೇ ಬಂಡವಾಳ. ಆದರೆ ಎಲ್ಲ ವಿವರಗಳೂ ಅರಿವನ್ನು ಕೊಡುವುದಿಲ್ಲ. ಕೆಲವು ವಿವರಗಳು ಬರೀ ಕಣ್ಣನ್ನು ಕಟ್ಟುತ್ತವೆ.

ಅರಿವು ಕೊಡುವ ವಿವರಗಳು ಬೇರೆ ಇವೆ. ರಾಜಸ್ಥಾನ ಮೂಲದ, ಹರಿಯಾಣದಲ್ಲಿದ್ದು ಆಮೇಲೆ ದೆಹಲಿಗೆ ಬಂದ ಕುಟುಂಬ ಅದು. ಹಿರಿಯ ಮಗನದು ಕಿರಾಣಿ ಅಂಗಡಿ, ಕಿರಿಯನದು ಪ್ಲೈವುಡ್ ಅಂಗಡಿ. ಕಿರಿಯನಿಗೆ ಹಿಂದೊಮ್ಮೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಆಮೇಲೆ ಕೆಲಸದ ಜಾಗದಲ್ಲಿ ಅವನ ಮೇಲೆ ಪ್ರಾಣಾಂತಿಕ ಹಲ್ಲೆ ನಡೆಯಿತು. ಅದರ ನಂತರ ಅವನ ಮಾತೇ ನಿಂತುಹೋಯಿತು. 2007ರಲ್ಲಿ ಮನೆಯ ಯಜಮಾನ, ತಂದೆ, ತೀರಿಕೊಂಡರು. ಮಗನಿಗೆ ಮಾತು ಮರಳಿತು. ಆದರೆ ಮರಳಿ ಬಂದ ಮಾತು ಬರೀ ಅವನದಾಗಿರಲಿಲ್ಲ. ಸತ್ತ ತಂದೆ ತನ್ನ ಮೂಲಕ ಮಾತಾಡುತ್ತಾರೆ ಎಂದು ಅವನು ನಂಬಿದ, ಮನೆಯವರೂ ನಂಬಿದರು. ಆ ಮಾತುಗಳನ್ನು ಬರೆದಿಡಲು ಶುರು ಮಾಡಿದರು. ಹನ್ನೊಂದು ವರ್ಷಗಳ ಕಾಲ ಬರೆದರು. ಪೊಲೀಸರಿಗೆ ಸಿಕ್ಕಿದ ಆ ಡೈರಿಗಳಲ್ಲಿ ಮನೆಯ ಹೆಣ್ಣುಮಕ್ಕಳ ಕೈಬರಹವೂ ಇತ್ತು. ಯಾರು ಹೇಗೆ ನಡೆದುಕೊಳ್ಳಬೇಕು, ಯಾರು ತಪ್ಪಿದರು, ಯಾವ ಪೂಜೆ ಎಂದು ಎಂಬ ದೈನಂದಿನ ಅಪ್ಪಣೆಗಳು ಅವು. ಕೊನೆಯ ಪುಟಗಳಲ್ಲಿದ್ದದ್ದು ಆ ರಾತ್ರಿಯ ವಿಧಿಯ ವಿವರ. ಅದರ ಪ್ರಕಾರ ಯಾರೂ ಸಾಯಬೇಕಿರಲಿಲ್ಲ. ತಂದೆ ಬಂದು ಕಾಪಾಡಬೇಕಿತ್ತು.

ಸಾಕ್ಷ್ಯಚಿತ್ರದ ಮೊದಲ ಕಂತು ಶವಗಳ ಸುತ್ತ, ಎರಡನೆಯದು ಡೈರಿಗಳ ಸುತ್ತ ಸುತ್ತುತ್ತದೆ. ಮೂರನೆಯದರಲ್ಲಿ ಮಾತ್ರ ಅದು ನಿಂತು ಉಸಿರಾಡುತ್ತದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮಾತಾಡುವುದು ಹೆಚ್ಚಾಗಿ ಅಲ್ಲೇ. ಆಘಾತ, ಶೋಕ, ಮಾತು ನಿಂತುಹೋಗುವುದು, ಕೇಳಿಸುವ ಧ್ವನಿ, ಇವೆಲ್ಲ ಒಂದು ಕಾಯಿಲೆಯ ಲಕ್ಷಣಗಳಾಗಿರಬಹುದು, ಅದಕ್ಕೆ ಚಿಕಿತ್ಸೆ ಇತ್ತು ಎಂಬ ಮಾತು ಅಲ್ಲಿ ಬರುತ್ತದೆ. ಈ ಮಾತನ್ನು ಸ್ಪಷ್ಟವಾಗಿ ಹೇಳಿದ್ದಕ್ಕೆ ಈ ಚಿತ್ರವನ್ನು ಮೆಚ್ಚಲೇಬೇಕು. ತಂತ್ರ, ಮಂತ್ರ, ಗೋಡೆಯಲ್ಲಿದ್ದ ಹನ್ನೊಂದು ಪೈಪುಗಳ ಲೆಕ್ಕ ಎಂದು ವಾರಗಟ್ಟಲೆ ಕಿರುಚಿದ ವಾಹಿನಿಗಳ ಮುಂದೆ ಇದು ದೊಡ್ಡ ಮಾತೇ. ನೆರೆಯವರು, ಗೆಳೆಯರು, ಬಂಧುಗಳನ್ನು ಚಿತ್ರ ಗೌರವದಿಂದ ಕೇಳಿಸಿಕೊಂಡಿದೆ. ಸತ್ತವರನ್ನು ಮೂಢರೆಂದು ನಗೆಪಾಟಲು ಮಾಡಿಲ್ಲ.

ನಮ್ಮ ತಕರಾರು ಇರುವುದು ಚಿತ್ರದ ಹೆಸರಿನಲ್ಲಿ ಮತ್ತು ಆ ಹೆಸರಿಗೆ ತಕ್ಕ ಹಾಗೆ ಕಟ್ಟಿದ ಮೊದಲೆರಡು ಕಂತುಗಳಲ್ಲಿ. ‘ರಹಸ್ಯಗಳ ಮನೆ’ ಎನ್ನುತ್ತದೆ ಹೆಸರು. ಕತ್ತಲ ಮೆಟ್ಟಿಲು, ನಿಧಾನಕ್ಕೆ ಏರುವ ಸಂಗೀತ, ಮುಂದೇನು ಎಂದು ಕಾಯಿಸುವ ಕಟ್ಟಡ. ಎ.ಆರ್. ರೆಹಮಾನ್‌ರ ಸಂಗೀತ ಸಂಯಮದ್ದೇ ಇರಬಹುದು. ಆದರೆ ಒಟ್ಟು ವಿನ್ಯಾಸ ಪತ್ತೇದಾರಿ ಕತೆಯದು. ಪತ್ತೇದಾರಿ ಕತೆಯಲ್ಲಿ ಓದುಗ ಹೊರಗೆ ನಿಂತಿರುತ್ತಾನೆ. ಗುಟ್ಟು ಒಳಗಿರುತ್ತದೆ. ಗುಟ್ಟು ಬಯಲಾದ ಕೂಡಲೇ ಓದುಗ ಪುಸ್ತಕ ಮುಚ್ಚಿ ನೆಮ್ಮದಿಯಿಂದ ಮಲಗುತ್ತಾನೆ.

ಆದರೆ ಆ ಮನೆಯಲ್ಲಿ ನಿಜಕ್ಕೂ ಎಷ್ಟು ಗುಟ್ಟಿತ್ತು? ಮಾತು ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಮಾತು ಮರಳಿದ್ದೂ ಗೊತ್ತಿತ್ತು, ಅದನ್ನು ದೇವರ ದಯೆ ಎಂದು ಜನ ಸಂತೋಷಪಟ್ಟಿದ್ದರು. ಮನೆಯವರು ಒಟ್ಟಿಗೆ ಪೂಜೆ ಮಾಡುವುದು ಗೊತ್ತಿತ್ತು. ಮಕ್ಕಳು ಎದುರುತ್ತರ ಕೊಡುವುದಿಲ್ಲ, ಅಣ್ಣತಮ್ಮಂದಿರು ಜಗಳವಾಡುವುದಿಲ್ಲ, ಸೊಸೆಯರು ಒಂದೇ ಅಡುಗೆಮನೆಯಲ್ಲಿ ಬೇಯಿಸುತ್ತಾರೆ ಎಂಬುದನ್ನು ಇಡೀ ಬೀದಿ ಮೆಚ್ಚಿಕೊಂಡಿತ್ತು. ಚಿತ್ರದಲ್ಲಿ ಒಬ್ಬರಾದ ಮೇಲೊಬ್ಬರು ಹೇಳುವುದೂ ಅದನ್ನೇ: ಎಷ್ಟು ಒಳ್ಳೆಯ ಕುಟುಂಬ! ಒಂದು ಮನೆಯಲ್ಲಿ ಹನ್ನೊಂದು ವರ್ಷ ಯಾರೂ ‘ಇಲ್ಲ’ ಎನ್ನದಿರುವುದು ನೆರೆಯವರ ಕಣ್ಣಿಗೆ ಲಕ್ಷಣವಾಗಿ ಕಾಣಲಿಲ್ಲ, ಸಂಸ್ಕಾರವಾಗಿ ಕಂಡಿತು. ರಹಸ್ಯ ಎಂಬ ಪದ ಇಲ್ಲಿ ಎಲ್ಲರಿಗೂ ಅನುಕೂಲ ಮಾಡಿಕೊಡುತ್ತದೆ. ‘ನಮಗೇನು ಗೊತ್ತಿತ್ತು’ ಎಂದು ಬೀದಿ, ಬಂಧುಬಳಗ, ನೋಡುಗ, ಎಲ್ಲರೂ ಕೈ ತೊಳೆದುಕೊಳ್ಳಬಹುದು.

ಸಾದತ್ ಹಸನ್ ಮಂಟೊ ‘ಟೋಬಾ ಟೇಕ್ ಸಿಂಗ್’ ಬರೆದಾಗ ಮಾಡಿದ್ದು ಇದಕ್ಕೆ ತದ್ವಿರುದ್ಧ. ಅವರು ಓದುಗನನ್ನು ಲಾಹೋರಿನ ಹುಚ್ಚಾಸ್ಪತ್ರೆಯ ಒಳಗೇ ತಂದು ಕೂರಿಸಿದರು. ಸ್ವಲ್ಪ ಹೊತ್ತಿನಲ್ಲೇ, ಗೋಡೆಯ ಹೊರಗಿರುವವರ ತರ್ಕವೇ ಕೆಟ್ಟಿದೆ ಎಂದು ಅನಿಸತೊಡಗುತ್ತದೆ. ಕತೆ ಮುಗಿದರೂ ಓದುಗನಿಗೆ ಹೊರಗೆ ಬರುವ ದಾರಿ ಸಿಗುವುದಿಲ್ಲ. ಬುರಾರಿಯ ಚಿತ್ರ ನಮ್ಮನ್ನು ಕೊನೆಯವರೆಗೂ ಬೀದಿಯಲ್ಲೇ ನಿಲ್ಲಿಸುತ್ತದೆ. ಮೂರನೆಯ ಕಂತಿನ ವೈದ್ಯರ ಮಾತುಗಳಿಂದ ಮೊದಲ ಕಂತು ಶುರುವಾಗಿದ್ದರೆ ನಾವು ಆ ಮನೆಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೆವು. ಹೇಗೆ ಸತ್ತರು ಎಂಬುದರ ಬದಲು, ಹನ್ನೊಂದು ವರ್ಷ ಹೇಗೆ ಬದುಕಿದರು ಎಂದು ಕೇಳುತ್ತಿದ್ದೆವು.

ಹೇಗೆ ಬದುಕಿದರು? ಇದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ ಎಂದು ನಮಗನಿಸುತ್ತದೆ. ತನಗೆ ಸತ್ತವರ ಧ್ವನಿ ಕೇಳಿಸುತ್ತದೆ ಎಂದು ಮನೆಯ ಗಂಡಸೊಬ್ಬ ಹೇಳಿದರೆ ನಮ್ಮ ಸಮಾಜದಲ್ಲಿ ಅದಕ್ಕೆ ಇರುವುದು ಎರಡೇ ಪದ. ಒಂದು ಹುಚ್ಚು, ಇನ್ನೊಂದು ಮಹಿಮೆ. ಹುಚ್ಚು ಎಂದರೆ ಮನೆಗೆ ಕಳಂಕ. ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ. ಮಹಿಮೆ ಎಂದರೆ ಮನೆಗೆ ಬೆಳಕು. ಇವೆರಡರ ನಡುವೆ ಒಂದನ್ನು ಆರಿಸಿಕೊ ಎಂದರೆ ಯಾವ ಕುಟುಂಬ ಯಾವುದನ್ನು ಆರಿಸೀತು? ಬುರಾರಿಯ ಮನೆಯವರ ಆಯ್ಕೆಗೆ ಬದುಕೇ ಸಾಕ್ಷಿ ಒದಗಿಸುತ್ತಿತ್ತು. ವ್ಯಾಪಾರ ಬೆಳೆಯಿತು, ಮಕ್ಕಳು ಓದಿದರು, ತಡವಾಗಿದ್ದ ಮದುವೆ ಕೂಡಿಬಂತು. ಪ್ರತಿಯೊಂದು ಒಳಿತೂ ಆ ಧ್ವನಿಯ ಖಾತೆಗೆ ಜಮೆಯಾಯಿತು. ಕೊನೆಯ ವಿಧಿಯೂ ಒಂದು ರೀತಿಯಲ್ಲಿ ಕೃತಜ್ಞತೆಯ ವಿಧಿಯೇ ಆಗಿತ್ತು ಎನ್ನಲಾಗಿದೆ. ಹುಚ್ಚು ಮತ್ತು ಮಹಿಮೆಗಳ ನಡುವೆ ಮೂರನೆಯ ಒಂದು ಸಾದಾ ಪದವಿದೆ: ಕಾಯಿಲೆ. ಜ್ವರ, ಸಕ್ಕರೆ, ರಕ್ತದೊತ್ತಡಕ್ಕೆ ನಾವು ಬಳಸುವ ಅದೇ ಪದ. ಅದು ಆ ಮನೆಯೊಳಗೆ ಹೋಗಲೇ ಇಲ್ಲ.

ಉರ್ದು ಓದಿದವರಿಗೆ ಈ ತೊಡಕು ಇನ್ನಷ್ಟು ಸ್ಪಷ್ಟ. ಮಜ್ನೂನ್ ಎಂಬ ಅರಬಿ ಪದಕ್ಕೆ ಜಿನ್ ಹಿಡಿದವನು ಎಂಬ ಅರ್ಥವಿದೆ. ಜುನೂನ್ ಎಂಬ ಪದವೂ ಜಿನ್ ಎಂಬ ಪದವೂ ಒಂದೇ ಧಾತುವಿನವು. ನಮ್ಮ ಗಝಲುಗಳಲ್ಲಿ ಜುನೂನ್ ಪ್ರೇಮಿಯ ಕಿರೀಟ. ನಮ್ಮ ಮನೆಗಳಲ್ಲಿ ಅದೇ ಜುನೂನ್ ಹಿತ್ತಿಲ ಕೋಣೆಯ ಬೀಗ. ಮುಶಾಯಿರಾದಲ್ಲಿ ವಾಹ್ ಎನ್ನುತ್ತೇವೆ, ಮನೆಯಲ್ಲಿ ತಾವೀಜು ಕಟ್ಟುತ್ತೇವೆ. ಅಲ್ಲೂ ಎರಡೇ ಪದ, ಮೂರನೆಯದಕ್ಕೆ ಜಾಗವಿಲ್ಲ.

ಇದು ಕೊಲೆಯೋ ಆತ್ಮಹತ್ಯೆಯೋ ಎಂಬ ಪ್ರಶ್ನೆಗೂ ಈ ಕಡೆಯಿಂದಲೇ ಬರಬೇಕು. ಪೊಲೀಸರು ಮೊದಲು ದಾಖಲಿಸಿದ್ದು ಕೊಲೆ ಪ್ರಕರಣ. 2018ರಲ್ಲಿ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯ ಮಾಡಿದ ‘ಮಾನಸಿಕ ಶವಪರೀಕ್ಷೆ’ಯ ವರದಿ ಇದು ಆತ್ಮಹತ್ಯೆಯಲ್ಲ, ವಿಧಿಯೊಂದನ್ನು ನಡೆಸುವಾಗ ಆದ ಅಪಘಾತ ಎಂದಿತು. 2021ರಲ್ಲಿ ದೆಹಲಿ ಪೊಲೀಸರು ಹೊರಗಿನವರ ಕೈವಾಡವಿಲ್ಲವೆಂದು ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿದರು. ಕಾನೂನಿನ ಮಟ್ಟಿಗೆ ಅದು ಮುಗಿಯಿತು. ಆದರೆ 15 ವರ್ಷದ ಆ ಇಬ್ಬರು ಹುಡುಗರ ಬಗ್ಗೆ ಯಾವ ಪದ ಬಳಸಬೇಕು? ಅವರಿಗೆ ನೆನಪು ಮೂಡುವ ವಯಸ್ಸಿನಿಂದಲೇ ಆ ಧ್ವನಿ ಮನೆಯಲ್ಲಿತ್ತು. ಅದನ್ನು ಮೀರಿ ನಡೆಯುವ ಸ್ವಾತಂತ್ರ್ಯವೇ ಇಲ್ಲದವರು ಒಪ್ಪಿಗೆ ಕೊಟ್ಟರು ಎಂದು ಹೇಳುವುದು ಹೇಗೆ? ಅದೇ ಹೊತ್ತಿಗೆ, ಕೇಡು ಬಗೆಯದ, ತಾನೂ ಅವರೊಡನೆ ಸತ್ತ, ತನ್ನ ಮಕ್ಕಳು ಬದುಕಿ ಹೊರಬರುತ್ತಾರೆಂದೇ ನಂಬಿದ್ದ ಒಬ್ಬ ರೋಗಿಯನ್ನು ಕೊಲೆಗಾರ ಎನ್ನುವುದಾದರೂ ಹೇಗೆ? ಚಿತ್ರ ಈ ಪ್ರಶ್ನೆಯ ಹತ್ತಿರ ಬಂದು ಹಿಂದೆ ಸರಿಯುತ್ತದೆ. ಮೂರು ಕಂತುಗಳಲ್ಲಿ ಅತ್ಯಂತ ಕಡಿಮೆ ತಿಳಿದುಬರುವುದು ಆ ಹುಡುಗರ ಬಗ್ಗೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಆ ಕಿರಿಯ ಮಗನನ್ನು ಪರೀಕ್ಷಿಸಿ ಇಂಥದೇ ಕಾಯಿಲೆ ಎಂದು ಬದುಕಿದ್ದಾಗ ಯಾವ ಮನೋವೈದ್ಯರೂ ಬರೆದುಕೊಟ್ಟ ದಾಖಲೆ ಹೊರಬಂದಿಲ್ಲ. ಈಗ ಹೇಳುವುದೆಲ್ಲ ಡೈರಿಗಳಿಂದ, ನೆನಪುಗಳಿಂದ ಕಟ್ಟಿದ ಊಹೆ. ಒಬ್ಬರ ಭ್ರಮೆಯನ್ನು ಹತ್ತಿರದ ಇನ್ನೊಬ್ಬರು ನಿಜವೆಂದು ಸ್ವೀಕರಿಸುವ ಸ್ಥಿತಿಯನ್ನು ಫ್ರಾನ್ಸಿನ ವೈದ್ಯರಾದ ಲಾಸೆಗ್ ಮತ್ತು ಫಾಲ್ರೆ 1877ರಲ್ಲೇ ವಿವರಿಸಿದ್ದರು. ಇಂಥ ಸ್ಥಿತಿ ಬೇರೂರುವುದು ಹೊರಗಿನ ಸಂಪರ್ಕ ಕಡಿಮೆಯಿರುವ, ಒಬ್ಬರ ಮಾತೇ ನಡೆಯುವ ಮನೆಗಳಲ್ಲಿ. ಬುರಾರಿಯ ಮನೆಯವರು ಅಂಗಡಿ ನಡೆಸುತ್ತಿದ್ದರು, ಮದುವೆ ಮುಂಜಿಗಳಿಗೆ ಹೋಗುತ್ತಿದ್ದರು, ಒಬ್ಬಳು ನೋಯ್ಡಾದ ಕಂಪೆನಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವರ ಒಂಟಿತನ ಮನಸ್ಸಿನೊಳಗಿನದು. ಬೀದಿಗೆ ತೆರೆದ ಬಾಗಿಲಿದ್ದರೂ ಒಳಗೊಂದು ಬಾಗಿಲು ಮುಚ್ಚಿಕೊಂಡಿರಬಹುದು.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಇಂಥ ಘಟನೆಗಳನ್ನು ಓದಿ ಮಾನಸಿಕ ಕಾಯಿಲೆಯವರೆಲ್ಲ ಅಪಾಯಕಾರಿಗಳು ಎಂದು ತೀರ್ಮಾನಿಸಿದರೆ ನಾವು ಎರಡನೇ ಸಲ ಅನ್ಯಾಯ ಮಾಡಿದಂತೆ. ಅವರಲ್ಲಿ ಬಹುಪಾಲು ಮಂದಿ ಯಾರ ಮೈಮೇಲೂ ಕೈ ಮಾಡುವವರಲ್ಲ. ಏಟು ತಿನ್ನುವವರು ಹೆಚ್ಚಾಗಿ ಅವರೇ. ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 15 ಕೋಟಿ ಜನರಿಗೆ ಮಾನಸಿಕ ಆರೋಗ್ಯದ ನೆರವು ಬೇಕಿತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅವರೆಲ್ಲ ನಮ್ಮ ನಡುವೆ ಮೌನವಾಗಿ ನರಳುವವರು. ಬುರಾರಿ ಅಪರೂಪ, ಚಿಕಿತ್ಸೆ ಸಿಗದಿರುವುದು ಅಪರೂಪವಲ್ಲ.

ಬುರಾರಿಯ ಸುದ್ದಿ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಕೆಲವರು ‘ನೋಡಿ, ಅವರ ಮೂಢನಂಬಿಕೆ’ ಎಂದು ಮಾತಾಡಿಕೊಂಡದ್ದುಂಟು. ಸತ್ತವರು ಬಂದು ಮಾತಾಡುವುದಿಲ್ಲ ಎಂದು ನಂಬುವ ನಮಗೆ ಇಂಥದ್ದು ಆಗಲಾರದು ಎಂಬ ಸಮಾಧಾನ ಅದರಲ್ಲಿತ್ತು. ಇಂಥವರಿಗೆ ಏರ್ವಾಡಿಯನ್ನು ನೆನಪಿಸಬೇಕು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನ ದರ್ಗಾಕ್ಕೆ ಮಾನಸಿಕ ರೋಗಿಗಳನ್ನು ಕರೆತರುವ ರೂಢಿ ಹಳೆಯದು. ಅದರ ಸುತ್ತಮುತ್ತ ಖಾಸಗಿ ‘ಆಶ್ರಯ’ಗಳು ತಲೆ ಎತ್ತಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಕೊಟ್ಟಿಗೆಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದವರು ಕ್ರೂರಿಗಳಲ್ಲ. ಹರಕೆ ಹೊತ್ತ ತಾಯಂದಿರು, ಅಣ್ಣಂದಿರು, ಗಂಡಂದಿರು. ಬುರಾರಿಯಲ್ಲಿ ಕಾಯಿಲೆಗೆ ಸಿಂಹಾಸನ ಸಿಕ್ಕಿತು, ಏರ್ವಾಡಿಯಲ್ಲಿ ಸರಪಳಿ ಸಿಕ್ಕಿತು. ಎರಡೂ ಕಡೆ ಔಷಧಿ ಸಿಗಲಿಲ್ಲ. ಇಷ್ಟೇ ವ್ಯತ್ಯಾಸ. ಹೆರಿಗೆಯಾದ ಮೇಲೆ ಮಂಕಾದ ಸೊಸೆಗೆ ಆಸೇಬ್ ಬಡಿದಿದೆ ಎನ್ನುವುದು, ಪರೀಕ್ಷೆಯ ಹೊತ್ತಿಗೆ ಊಟ ನಿದ್ದೆ ಬಿಟ್ಟ ಹುಡುಗನಿಗೆ ಯಾರೋ ಸಿಹ್ರ್ ಮಾಡಿಸಿದ್ದಾರೆ ಎಂದು ಆಮಿಲರ ಮನೆಗೆ ಅಲೆಯುವುದು, ದುಡ್ಡು ಮುಗಿದ ಮೇಲೆ ಡಾಕ್ಟರನ್ನು ನೆನೆಯುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಇದು ನಮ್ಮ ಪರಂಪರೆ ಕಲಿಸಿದ್ದಲ್ಲ. ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೊಳ್ಳಿ, ಮದ್ದಿಲ್ಲದ ಕಾಯಿಲೆಯನ್ನು ದೇವರು ಇಟ್ಟಿಲ್ಲ ಎಂಬ ಅರ್ಥದ ಬೋಧನೆ ಪ್ರವಾದಿವರ್ಯರದು. ಮನಸ್ಸಿಗೂ ದೇಹದಂತೆಯೇ ರೋಗ ಬರುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಬಲ್ಖ್ ಸೀಮೆಯ ಅಬೂ ಝೈದ್ ಅಲ್ ಬಲ್ಖೀ ಹತ್ತನೇ ಶತಮಾನದಲ್ಲೇ ಒಂದು ಗ್ರಂಥ ಬರೆದರು. ದೇಹ ಮತ್ತು ಮನಸ್ಸು ಎರಡಕ್ಕೂ ಅದರಲ್ಲಿ ಬೇರೆ ಬೇರೆ ಭಾಗಗಳಿವೆ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ವಿಭಾಗವಿತ್ತು. 1488ರಲ್ಲಿ ಎದಿರ್ನೆಯಲ್ಲಿ ಮುಗಿದ ಎರಡನೇ ಬಾಯಜೀದನ ಆಸ್ಪತ್ರೆಯಲ್ಲಿ ಅಂಥವರಿಗೆ ಸಂಗೀತ ಕೇಳಿಸುತ್ತಿದ್ದುದನ್ನು ಪ್ರವಾಸಿ ಎವ್ಲಿಯಾ ಚೆಲೆಬಿ ದಾಖಲಿಸಿದ್ದಾನೆ. ಅದಕ್ಕಾಗಿ ಹೆಮ್ಮೆಪಟ್ಟುಕೊಂಡು ಕೂತರೆ ಸಾಲದು. ಆ ಅರಿವನ್ನು ನಾವು ಎಲ್ಲಿ ಕಳೆದುಕೊಂಡೆವು ಎಂದು ಕೇಳಿಕೊಳ್ಳಬೇಕು.

ದುವಾ ಬೇಡ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿಗೂ ಮಾನಸಿಕ ರೋಗಿಗಳನ್ನು ಕರೆತರುತ್ತಾರೆ. ದರ್ಗಾದ ಮುಜಾವರರನ್ನು ಹಂಗಿಸುವ ಬದಲು ಅವರಿಗೇ ತರಬೇತಿ ಕೊಟ್ಟು, ದರ್ಗಾದ ಆವರಣದಲ್ಲೇ ಮನೋವೈದ್ಯರನ್ನು ಕೂರಿಸುವ ‘ದವಾ-ದುವಾ’ ಎಂಬ ಕಾರ್ಯಕ್ರಮ ಅಲ್ಲಿ ಸರ್ಕಾರದ ನೆರವಿನಿಂದ ಶುರುವಾಯಿತು. ಫಾತಿಹಾ ಓದಿದ ಮುಜಾವರರೇ ‘ಪಕ್ಕದ ಕೋಣೆಗೂ ಹೋಗಿ ಬನ್ನಿ’ ಎಂದರೆ ಜನ ಹೋಗುತ್ತಾರೆ. ಹುಚ್ಚು ಮತ್ತು ಮಹಿಮೆಗಳ ನಡುವಿನ ಆ ಮೂರನೆಯ ಪದ ಅಲ್ಲಿ ಜನರಿಗೆ ಒಪ್ಪಿತವಾದ ಬಾಯಿಯಿಂದಲೇ ಬಂತು. ಬುರಾರಿಯ ಮನೆಗೆ ಹೋಗಿ ಬರುತ್ತಿದ್ದ ಯಾರೋ ಒಬ್ಬ ಹಿರಿಯರು, ಒಬ್ಬ ಪುರೋಹಿತರು ‘ಪೂಜೆ ಮಾಡಿ, ಜೊತೆಗೆ ಡಾಕ್ಟರಿಗೂ ತೋರಿಸಿ’ ಎಂದಿದ್ದರೆ? ಇಂಥ ‘ಆಗಿದ್ದರೆ’ಗಳಿಗೆ ಉತ್ತರವಿಲ್ಲ. ಆದರೂ ಆ ಚಿತ್ರ ನೋಡಿದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.

ಕಾನೂನಿನ ಕೊರತೆ ಇತ್ತು ಎನ್ನುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಗೆ ಬಂದದ್ದು 2018ರ ಮೇ 29ರಂದು, ಬುರಾರಿಗೆ ಒಂದು ತಿಂಗಳ ಮೊದಲು. ಚಿಕಿತ್ಸೆ ಪಡೆಯುವುದು ಹಕ್ಕು ಎಂದು ಅದು ಹೇಳುತ್ತದೆ. ಏರ್ವಾಡಿಯ ಸರಪಳಿಯನ್ನು ಅದು ನಿಷೇಧಿಸುತ್ತದೆ. ನಮ್ಮ ರಾಜ್ಯಕ್ಕಂತೂ ಈ ವಿಷಯದಲ್ಲಿ ಹೆಮ್ಮೆಪಡುವ ಚರಿತ್ರೆಯಿದೆ: ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧಿ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ, 1996ರಲ್ಲಿ ಶುರುವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನು ಮಾಡಿದರೆ ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಬಾಗಿಲುಗಳಿವೆ. ಅವುಗಳ ತನಕ ಹೋಗಲು ಮನೆಯಲ್ಲಿ ಯಾರಾದರೊಬ್ಬರು ಮೊದಲು ಆ ಪದವನ್ನು ಆಡಬೇಕು. ಆಡಿದವರನ್ನು ಉಳಿದವರು ಮನೆತನದ ವೈರಿಯೆಂದು ನೋಡಬಾರದು.

ಬುರಾರಿಯ ಆ ಮನೆಯನ್ನು ಜನ ದೆವ್ವದ ಮನೆ ಎಂದು ಕರೆದರು, ಸುತ್ತಿ ಬಳಸಿ ಹೋದರು. 2019ರ ಕೊನೆಯಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯ ನಡೆಸುವವರೊಬ್ಬರು, ತಮಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ ಎಂದು ಹೇಳಿ ಅಲ್ಲಿಗೆ ಬಾಡಿಗೆಗೆ ಬಂದರು. ಸಾಕ್ಷ್ಯಚಿತ್ರವನ್ನು ಇನ್ನೂ ನೋಡದವರು ನೋಡಬೇಕೆಂದಿದ್ದರೆ ಮೂರನೆಯ ಕಂತನ್ನು ಮೊದಲು ನೋಡಲಿ. ಆಮೇಲೆ ಉಳಿದದ್ದು ಬೇಕೆನಿಸಿದರೆ ನೋಡಲಿ. ಮಕ್ಕಳೊಡನೆ ಕೂತು ನೋಡುವಂಥದ್ದಲ್ಲ. ಆದರೆ ನೋಡಿ ಎದ್ದ ಮೇಲೆ, ಮನೆಯಲ್ಲಿ ಬಹಳ ದಿನಗಳಿಂದ ಸುಮ್ಮನಾಗಿರುವವರು ಯಾರಾದರೂ ಇದ್ದರೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಏನಾಗಿದೆ ಎಂದು ಕೇಳಬೇಕು, ಹೇಳಿದ್ದನ್ನು ಕೇಳಿಸಿಕೊಳ್ಳಬೇಕು.